ಗಣಿತಕ್ಕೆ ಕ್ಯಾಲ್ಕುಲೇಟರ್: ಯಾರಿಗೆ ಬೇಕು, ಯಾರ ಖರ್ಚಿನಲ್ಲಿ?

ಕಾಲೇಜು ಪ್ರವೇಶದ ಗದ್ದಲ ಮುಗಿದು ತರಗತಿಗಳು ಆರಂಭವಾಗುವ ಹೊತ್ತಿಗೆ ಮನೆಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಪಠ್ಯಪುಸ್ತಕ, ರೆಕಾರ್ಡ್ ಪುಸ್ತಕ, ಪ್ರಯೋಗಾಲಯದ ಕೋಟು, ಬಸ್ ಪಾಸು, ಹಾಸ್ಟೆಲಿನ ಮುಂಗಡ. ಆ ಪಟ್ಟಿಯ ಕೊನೆಯಲ್ಲಿ, ಯಾರೂ ಪ್ರಶ್ನಿಸದೆ ಸೇರಿಸುವ ವಸ್ತು ಸೈಂಟಿಫಿಕ್ ಕ್ಯಾಲ್ಕುಲೇಟರ್. ಎಂಜಿನಿಯರಿಂಗ್ ಸೇರಿದವರಷ್ಟೇ ಅಲ್ಲ, ಬಿ.ಎಸ್ಸಿ., ಬಿ.ಕಾಂ. ಸೇರಿದವರೂ ಅದನ್ನು ಕೊಳ್ಳುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ, ಜಿಲ್ಲಾ ಕೇಂದ್ರದ ಪುಸ್ತಕದಂಗಡಿಯಲ್ಲಾಗಲಿ ಇದರ ಬೆಲೆ ಮಾದರಿಗೆ ತಕ್ಕಂತೆ ಐದಾರು ನೂರು ರೂಪಾಯಿಗಳಿಂದ ಎರಡು ಸಾವಿರದ ಆಸುಪಾಸಿನವರೆಗೆ ಇದೆ. ಮಹಾನಗರದ ಸಂಬಳದಾರ ಕುಟುಂಬಕ್ಕೆ ಇದು ಗಮನಕ್ಕೂ ಬಾರದ ಮೊತ್ತ. ಮಗಳನ್ನು ಮೊದಲ ಬಾರಿಗೆ ಕಾಲೇಜಿಗೆ ಕಳುಹಿಸುತ್ತಿರುವ ಕೂಲಿಕಾರ್ಮಿಕನಿಗೆ ಅದು ಕೆಲವು ದಿನಗಳ ದುಡಿಮೆ.

ಹಾಗಾದರೆ ಕಾಲೇಜಿನಲ್ಲಿ ಗಣಿತ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಸ್ವಂತ ಕ್ಯಾಲ್ಕುಲೇಟರ್ ಬೇಕೇ? ಪ್ರಶ್ನೆ ಚಿಕ್ಕದು. ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಗಣಿತವನ್ನು ಕಲಿಯಲು ಅದು ಅಗತ್ಯವೇ ಎಂಬುದು ಮೊದಲನೆಯದು. ಪರೀಕ್ಷೆ ಬರೆಯಲು ಅಗತ್ಯವೇ ಎಂಬುದು ಎರಡನೆಯದು. ಅಗತ್ಯವೆಂದಾದರೆ ಅದರ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಮೂರನೆಯದು. ಈ ಮೂರನ್ನೂ ಒಂದೇ ಎಂದು ಭಾವಿಸಿ ಉತ್ತರಿಸುವುದರಿಂದಲೇ ನಮ್ಮಲ್ಲಿ ಈ ಚರ್ಚೆ ಯಾವಾಗಲೂ ಎರಡು ಅತಿರೇಕಗಳ ನಡುವೆ ತೂಗಾಡುತ್ತದೆ. ಒಂದು ಕಡೆ, ಯಂತ್ರ ಬಂದು ಮಕ್ಕಳ ತಲೆ ಕೆಟ್ಟಿತು ಎನ್ನುವವರು. ಇನ್ನೊಂದು ಕಡೆ, ಯಂತ್ರವಿರುವಾಗ ಲೆಕ್ಕ ಕಲಿಯುವ ಶ್ರಮವೇಕೆ ಎನ್ನುವವರು.

ಲಾಗ್ ಪುಸ್ತಕದಿಂದ ಗುಂಡಿಯ ಯಂತ್ರದವರೆಗೆ

ಮೊದಲಿಗೆ ಒಂದು ಭ್ರಮೆಯನ್ನು ದೂರ ಮಾಡಬೇಕು. ಹಿಂದಿನವರು ಎಲ್ಲವನ್ನೂ ತಲೆಯಲ್ಲಿಯೇ ಲೆಕ್ಕ ಹಾಕುತ್ತಿದ್ದರು ಎಂಬುದು ನಿಜವಲ್ಲ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದ್ದೇ ಗುಣಾಕಾರ ಭಾಗಾಕಾರಗಳ ದುಡಿಮೆಯಿಂದ ಬಿಡುಗಡೆ ಪಡೆಯಲು. ಮುಂದಿನ ಮೂರೂವರೆ ಶತಮಾನಗಳ ಕಾಲ ಖಗೋಳಜ್ಞರು, ನಾವಿಕರು, ಎಂಜಿನಿಯರುಗಳು ಆ ಕೋಷ್ಟಕಗಳನ್ನೂ ಅದೇ ತತ್ವದ ಮೇಲೆ ಹುಟ್ಟಿದ ಸ್ಲೈಡ್ ರೂಲನ್ನೂ ನೆಚ್ಚಿಕೊಂಡಿದ್ದರು. ನನ್ನ ತಲೆಮಾರಿನವರು ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ಸ್ ಎಂಬ ತೆಳ್ಳನೆಯ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪ್ರಯೋಗಾಲಯಕ್ಕೆ ಹೋಗುತ್ತಿದ್ದೆವು. ಅದೂ ಒಂದು ಗಣನ ಸಾಧನವೇ. ವ್ಯತ್ಯಾಸವೆಂದರೆ ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ. ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಕೈದಾಟಿ ಬರುತ್ತಿತ್ತು.

ಎಂ.ಎ. ಅರ್ಥಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆ ಓದುವಾಗ ನಮ್ಮ ವಿಭಾಗದಲ್ಲಿ ಕೈಯಿಂದ ತಿರುಗಿಸುವ ಫೆಸಿಟ್ ಯಂತ್ರಗಳಿದ್ದವು. ಕಬ್ಬಿಣದ ಆ ಯಂತ್ರದ ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದರೆ ಕೂಡುವುದು, ಹಿಂದಕ್ಕೆ ತಿರುಗಿಸಿದರೆ ಕಳೆಯುವುದು. ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದೊಡನೆ ಗಂಟೆ ಬಾರಿಸುತ್ತಿತ್ತು. ಆ ಯಂತ್ರಗಳು ವಿಭಾಗದ ಸ್ವತ್ತಾಗಿದ್ದವು. ಸ್ವಂತಕ್ಕೆ ಕೊಳ್ಳಬೇಕೆಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಸರದಿಯ ಮೇಲೆ ಬಳಸುತ್ತಿದ್ದೆವು. ಅಂದಿನ ವ್ಯವಸ್ಥೆಯೇ ಶ್ರೇಷ್ಠವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಗಣನ ಸಾಧನವು ಗ್ರಂಥಾಲಯದ ಪುಸ್ತಕದಂತೆ ಸಂಸ್ಥೆಯ ಆಸ್ತಿಯಾಗಿಯೂ ಇರಬಲ್ಲದು ಎಂಬುದನ್ನಷ್ಟೇ ಇಲ್ಲಿ ನೆನಪಿಸುತ್ತಿದ್ದೇನೆ.

ಸಾಧನವು ಸಂಸ್ಥೆಯ ಕೈಯಿಂದ ವ್ಯಕ್ತಿಯ ಜೇಬಿಗೆ ಬಂದುದು ಬೆಲೆ ಕುಸಿದ ಕಾರಣದಿಂದ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ 1972ರಲ್ಲಿ ತಂದ ಎಚ್‌ಪಿ-35, ಅಂಗೈಯಲ್ಲಿ ಹಿಡಿಯಬಹುದಾದ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್. ಅದರ ಬೆಲೆ 395 ಡಾಲರ್. ನಾಲ್ಕೇ ವರ್ಷಗಳಲ್ಲಿ, 1976ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-30 ಸುಮಾರು 25 ಡಾಲರಿಗೆ ಮಾರುಕಟ್ಟೆಗೆ ಬಂದಿತು. ಸ್ಲೈಡ್ ರೂಲ್ ಚರಿತ್ರೆಗೆ ಸರಿಯಿತು. ನಮ್ಮಲ್ಲಿ ಮಾತ್ರ ಬಹುಕಾಲ ಅದು ಕೊಲ್ಲಿ ದೇಶಗಳಿಂದ ಬರುವ ಬಂಧುಗಳು ತರುವ ಉಡುಗೊರೆಯಾಗಿ ಉಳಿಯಿತು. ಇಂದು ಹಾಗಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಯಾವ ತರಗತಿಗೆ ಹೋದರೂ ಕ್ಯಾಸಿಯೋ ಸಂಸ್ಥೆಯ ಎಫ್‌ಎಕ್ಸ್-991 ಸರಣಿಯ ಯಂತ್ರ ಮೇಜಿನ ಮೇಲೆ ಕಾಣುತ್ತದೆ.

ಯಾವ ಕೋರ್ಸಿಗೆ ಎಷ್ಟು?

‘ಗಣಿತ’ ಎಂಬ ಒಂದೇ ಹೆಸರಿನಡಿ ಕಾಲೇಜುಗಳಲ್ಲಿ ಕಲಿಸುವ ವಿಷಯಗಳು ಒಂದಕ್ಕೊಂದು ತೀರಾ ಭಿನ್ನ. ಬಿ.ಎಸ್ಸಿ. ಗಣಿತದಲ್ಲಿ ಬರುವ ಬೀಜಗಣಿತದ ಗುಂಪುಗಳು, ನೈಜ ವಿಶ್ಲೇಷಣೆ, ಅವಕಲ ಸಮೀಕರಣಗಳ ಸೈದ್ಧಾಂತಿಕ ಭಾಗ ಇವುಗಳಲ್ಲಿ ವಿದ್ಯಾರ್ಥಿ ಬರೆಯುವುದು ಸಾಧನೆಗಳನ್ನು. ಒಂದು ಶ್ರೇಣಿ ಒಂದು ಮಿತಿಯತ್ತ ಸಾಗುತ್ತದೆ ಎಂದು ಸಾಧಿಸಲು ಯಾವ ಗುಂಡಿಯೂ ನೆರವಾಗದು. ಇಂತಹ ಕೋರ್ಸಿಗೆ ಕ್ಯಾಲ್ಕುಲೇಟರ್ ಕೊಳ್ಳಿರೆಂದು ಹೇಳುವುದು ಸಂಗೀತದ ವಿದ್ಯಾರ್ಥಿಗೆ ತೂಕದ ಬಟ್ಟು ಕೊಡಿಸಿದಂತೆ.

ಎಂಜಿನಿಯರಿಂಗ್ ಗಣಿತದ ಕಥೆ ಬೇರೆ. ನ್ಯೂಟನ್-ರಾಫ್ಸನ್ ವಿಧಾನದಿಂದ ಸಮೀಕರಣದ ಮೂಲವನ್ನು ಹುಡುಕುವುದು, ರುಂಗೆ-ಕುಟ್ಟ ವಿಧಾನದಿಂದ ಅವಕಲ ಸಮೀಕರಣಕ್ಕೆ ಹಂತಹಂತವಾಗಿ ಉತ್ತರ ಪಡೆಯುವುದು ಇತ್ಯಾದಿಗಳಲ್ಲಿ ನಾಲ್ಕೈದು ದಶಮಾಂಶ ಸ್ಥಾನಗಳವರೆಗೆ ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಇಲ್ಲಿ ಕೈಲೆಕ್ಕ ಮಾಡಿಸುವುದು ವಿಧಾನವನ್ನು ಕಲಿಸುವುದಿಲ್ಲ, ತಾಳ್ಮೆಯನ್ನು ಪರೀಕ್ಷಿಸುತ್ತದೆ. ಸಂಖ್ಯಾಶಾಸ್ತ್ರಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ರಾಜ್ಯದ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರ ಪರೀಕ್ಷೆಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರಿಗೆ ಅವಕಾಶವಿದೆ. ಜೊತೆಗೆ, ಲೆಕ್ಕದ ಎಲ್ಲ ಹಂತಗಳನ್ನೂ ಸ್ಪಷ್ಟವಾಗಿ ತೋರಿಸಬೇಕೆಂಬ ಸೂಚನೆಯೂ ಇದೆ. ಯಂತ್ರ ಇರಲಿ, ಆದರೆ ಯೋಚನೆ ಕಾಗದದ ಮೇಲೆ ಕಾಣಲಿ ಎಂಬ ಈ ನಿಲುವು ವಿವೇಕದ್ದು.

ವಾಣಿಜ್ಯ ವಿದ್ಯಾರ್ಥಿಗಳಿಗೆ ಬೇಕಾದುದು ಬಹುಮಟ್ಟಿಗೆ ಕೂಡುವ, ಕಳೆಯುವ, ಶೇಕಡಾವಾರು ಹಾಕುವ ಸಾಧಾರಣ ಯಂತ್ರ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗಳಲ್ಲಿಯೂ ಸೀಮಿತ ಕ್ರಿಯೆಗಳ ಸಾಮಾನ್ಯ ಕ್ಯಾಲ್ಕುಲೇಟರಿಗೆ ಮಾತ್ರ ಅವಕಾಶ. ಹೀಗಿರುವಾಗ ಬಿ.ಕಾಂ. ವಿದ್ಯಾರ್ಥಿ ಸಾವಿರಾರು ರೂಪಾಯಿ ತೆತ್ತು ಮ್ಯಾಟ್ರಿಕ್ಸ್ ಬಿಡಿಸುವ ಯಂತ್ರವನ್ನು ಕೊಳ್ಳುವುದು ಅನಗತ್ಯ.

ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ಪಿಯುಸಿ ಗಣಿತದಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಸಿಇಟಿಯಲ್ಲಿಲ್ಲ, ಜೆಇಇಯಲ್ಲಿಲ್ಲ. ಎರಡು ವರ್ಷ ಯಂತ್ರವನ್ನು ಮುಟ್ಟದೆ ಪ್ರವೇಶ ಪರೀಕ್ಷೆಗೆ ತಯಾರಾದ ವಿದ್ಯಾರ್ಥಿ, ಎಂಜಿನಿಯರಿಂಗ್ ಕಾಲೇಜಿನ ಮೊದಲ ತಿಂಗಳಲ್ಲಿಯೇ ಯಂತ್ರವಿಲ್ಲದೆ ನಡೆಯದು ಎಂಬ ಲೋಕಕ್ಕೆ ಬಂದುಬಿಡುತ್ತಾನೆ. ಈ ದಾಟುವಿಕೆಯ ಹೊತ್ತಿನಲ್ಲಿ ಅದನ್ನು ಹೇಗೆ ಬಳಸಬೇಕು, ಎಲ್ಲಿ ನಂಬಬಾರದು ಎಂದು ಹೇಳಿಕೊಡುವ ಪಾಠ ಬಹುತೇಕ ಎಲ್ಲಿಯೂ ಇಲ್ಲ. ಪೆಟ್ಟಿಗೆಯೊಳಗಿನ ಪುಟ್ಟ ಅಕ್ಷರಗಳ ಕೈಪಿಡಿಯೇ ಗುರು. ಅದನ್ನು ಓದುವವರು ವಿರಳ.

ಯಂತ್ರ ಹೇಳದ ಮಾತು

ಯಂತ್ರ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತೇ ಎಂಬುದನ್ನು ಹೇಳುವುದಿಲ್ಲ. ಕೆಲವು ಉದಾಹರಣೆಗಳನ್ನು ನೋಡೋಣ.

ಸೈನ್ 30 ಎಂದು ಒತ್ತಿದರೆ ಯಂತ್ರ ಡಿಗ್ರಿ ಸ್ಥಿತಿಯಲ್ಲಿದ್ದಾಗ 0.5 ಎಂಬ ಉತ್ತರ ಬರುತ್ತದೆ. ರೇಡಿಯನ್ ಸ್ಥಿತಿಯಲ್ಲಿದ್ದರೆ ಅದೇ ಗುಂಡಿಗಳಿಗೆ ಸುಮಾರು -0.988 ಬರುತ್ತದೆ. ಎರಡೂ ಸರಿಯೇ. ಮೂವತ್ತು ಡಿಗ್ರಿಯ ಸೈನ್ ಅರ್ಧ ಎಂದು ಬಾಯಿಪಾಠವಾಗಿ ತಿಳಿದವನಿಗೆ ಮಾತ್ರ ಎರಡನೆಯ ಉತ್ತರ ಕಂಡೊಡನೆ ಅನುಮಾನ ಹುಟ್ಟುತ್ತದೆ.

ಇನ್ನೊಂದು, ಮಾನಕ ವಿಚಲನೆ. 2, 4, 4, 4, 5, 5, 7, 9 ಎಂಬ ಎಂಟು ಸಂಖ್ಯೆಗಳ ಸರಾಸರಿ 5. ಸರಾಸರಿಯಿಂದ ಇರುವ ವಿಚಲನೆಗಳ ವರ್ಗಗಳ ಮೊತ್ತ 32. ಅದನ್ನು ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ 2. ಏಳರಿಂದ ಭಾಗಿಸಿದರೆ ಸುಮಾರು 2.14. ಕ್ಯಾಲ್ಕುಲೇಟರ್ ಎರಡಕ್ಕೂ ಬೇರೆ ಬೇರೆ ಆಯ್ಕೆಯನ್ನು ಇಟ್ಟಿರುತ್ತದೆ. ಕೈಯಲ್ಲಿರುವುದು ಇಡೀ ಸಮೂಹದ ಅಂಕಿಗಳೋ ಅಥವಾ ಅದರೊಳಗಿಂದ ಆರಿಸಿದ ಮಾದರಿಯ ಅಂಕಿಗಳೋ ಎಂಬುದು ತಿಳಿದಿದ್ದರಷ್ಟೇ ಯಾವುದನ್ನು ಒತ್ತಬೇಕೆಂದು ಗೊತ್ತಾಗುತ್ತದೆ. ಅದು ಸಂಖ್ಯಾಶಾಸ್ತ್ರದ ತಿಳಿವಳಿಕೆ, ಯಂತ್ರದ್ದಲ್ಲ.

ಮೂರನೆಯದು ಇನ್ನೂ ಸ್ವಾರಸ್ಯಕರ. 100ರ ಫ್ಯಾಕ್ಟೋರಿಯಲನ್ನು 98ರ ಫ್ಯಾಕ್ಟೋರಿಯಲಿನಿಂದ ಭಾಗಿಸಿ ಎಂದು ಕೇಳಿದರೆ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೈಚೆಲ್ಲಿ ದೋಷಸೂಚನೆ ತೋರಿಸುತ್ತದೆ. 69ರ ಫ್ಯಾಕ್ಟೋರಿಯಲಿನಾಚೆಗೆ ಅದರ ಸಾಮರ್ಥ್ಯ ಮುಗಿಯುತ್ತದೆ. ಫ್ಯಾಕ್ಟೋರಿಯಲ್ ಎಂದರೇನೆಂದು ತಿಳಿದ ಹುಡುಗಿ ಪೆನ್ನನ್ನೂ ಎತ್ತದೆ 100ನ್ನು 99ರಿಂದ ಗುಣಿಸಿ 9,900 ಎನ್ನುತ್ತಾಳೆ.

ತರಗತಿಯಾಚೆಗಿನ ಬದುಕಿನಿಂದಲೂ ಒಂದು ಉದಾಹರಣೆ ಕೊಡಬಹುದು. ಹತ್ತು ಲಕ್ಷ ರೂಪಾಯಿ ಗೃಹಸಾಲ, ಶೇ 9ರ ಬಡ್ಡಿ, ಇಪ್ಪತ್ತು ವರ್ಷಗಳ ಅವಧಿ. ತಿಂಗಳ ಕಂತು ಎಷ್ಟು? ಸೂತ್ರಕ್ಕೆ ಅಂಕಿಗಳನ್ನು ತುಂಬಿದರೆ ಸುಮಾರು 8,997 ರೂಪಾಯಿ ಬರುತ್ತದೆ. ತಿಂಗಳ ಬಡ್ಡಿದರವಾದ 0.0075ರ ಬದಲಿಗೆ ಅವಸರದಲ್ಲಿ ವಾರ್ಷಿಕ ದರ 0.09ನ್ನು ಒತ್ತಿದವನಿಗೆ 90,000 ರೂಪಾಯಿ ಎಂಬ ಉತ್ತರ ಸಿಗುತ್ತದೆ. ಇದು ಅಸಾಧ್ಯವೆಂದು ತಿಳಿಯಲು ಯಂತ್ರ ಬೇಕಿಲ್ಲ. ಮೊದಲ ತಿಂಗಳ ಬಡ್ಡಿಯೇ 7,500 ರೂಪಾಯಿ, ಆದ್ದರಿಂದ ಕಂತು ಅದಕ್ಕಿಂತ ಹೆಚ್ಚಿರಲೇಬೇಕು. ಅಸಲನ್ನು 240 ಸಮಭಾಗ ಮಾಡಿದರೆ ಸುಮಾರು 4,167. ಇದಕ್ಕೆ ಮೊದಲ ತಿಂಗಳ ಬಡ್ಡಿಯನ್ನು ಸೇರಿಸಿದರೆ 11,667. ಬಡ್ಡಿ ತಿಂಗಳಿಂದ ತಿಂಗಳಿಗೆ ಇಳಿಯುವುದರಿಂದ ಕಂತು ಇದಕ್ಕಿಂತ ಕಡಿಮೆ ಇರಲೇಬೇಕು. ಈ ಎರಡು ಗಡಿಗಳನ್ನು ಮೊದಲು ಗುರುತಿಸಿಕೊಂಡು ಅನಂತರ ಯಂತ್ರವನ್ನು ಕೇಳುವವನು ಮೋಸ ಹೋಗುವುದಿಲ್ಲ.

ಕಂದಾಯ ಆಡಳಿತದಲ್ಲಿ ಕೆಲಸ ಮಾಡಿದವರಿಗೆ ಇದರದೇ ಇನ್ನೊಂದು ರೂಪ ಪರಿಚಿತ. ಎಕರೆಗೆ ನಲವತ್ತು ಗುಂಟೆ. ಪಹಣಿಯಲ್ಲಿ 2 ಎಕರೆ 35 ಗುಂಟೆ ಮತ್ತು 1 ಎಕರೆ 20 ಗುಂಟೆಯ ಎರಡು ತುಂಡುಗಳಿವೆ ಎನ್ನೋಣ. ಎರಡೂ ಸೇರಿದರೆ 4 ಎಕರೆ 15 ಗುಂಟೆ. ಅದನ್ನೇ 2.35 ಮತ್ತು 1.20 ಎಂದು ಕ್ಯಾಲ್ಕುಲೇಟರಿಗೆ ಕೊಟ್ಟರೆ 3.55 ಎಂಬ ಉತ್ತರ ಬರುತ್ತದೆ. ಅದನ್ನು ದಶಮಾಂಶದ ಎಕರೆಯೆಂದು ಭಾವಿಸಿ ಗುಂಟೆಗೆ ಪರಿವರ್ತಿಸಿದರೆ 3 ಎಕರೆ 22 ಗುಂಟೆಯಾಗುತ್ತದೆ. ಮೂವತ್ತಮೂರು ಗುಂಟೆ ಭೂಮಿ ಗುಂಡಿಯೊತ್ತುವಷ್ಟರಲ್ಲಿ ಮಾಯ! ಸಣ್ಣ ಹಿಡುವಳಿದಾರನಿಗೆ ಇದು ಬದುಕಿನ ಪ್ರಶ್ನೆ. ನಲವತ್ತರ ಲೆಕ್ಕ ಬೇರೆ, ನೂರರ ಲೆಕ್ಕ ಬೇರೆ ಎಂಬ ಎಚ್ಚರ ಇರಬೇಕಾದುದು ಗುಮಾಸ್ತನ ತಲೆಯಲ್ಲಿ.

ಮಗ್ಗಿಯ ಪರವೂ ವಿರುದ್ಧವೂ

ಇಷ್ಟು ಹೇಳಿದೊಡನೆ ಸಂಪ್ರದಾಯವಾದಿಗಳು, ಹಾಗಾದರೆ ಯಂತ್ರವನ್ನೇ ದೂರವಿಡಿ, ಮಗ್ಗಿಯನ್ನು ಮರಳಿ ತನ್ನಿ ಎನ್ನಬಹುದು. ಮಗ್ಗಿಯ ಬಗ್ಗೆ ನನಗೆ ಗೌರವವಿದೆ. ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಉರು ಹೊಡೆದ ಹಳೆಯ ಶಾನುಭೋಗರ ವೇಗವನ್ನು ಕಂಡವರು ಅದನ್ನು ಹಗುರವಾಗಿ ಕಾಣಲಾರರು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನಿಂದ ಹಿಡಿದು, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನವರೆಗೆ ನಮ್ಮ ನಾಡಿನ ಲೆಕ್ಕದ ಪರಂಪರೆ ದೊಡ್ಡದು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು.

ಆದರೆ ಶಕುಂತಲಾ ದೇವಿಯವರ ಸಾಮರ್ಥ್ಯ ಅಪೂರ್ವವಾದುದೆಂಬ ಕಾರಣಕ್ಕೇ ಅದು ಪಠ್ಯಕ್ರಮದ ಗುರಿಯಾಗಲಾರದು. ಮಹಾವೀರಾಚಾರ್ಯನ ಹಿರಿಮೆಯೂ ಗುಣಾಕಾರದ ವೇಗದಲ್ಲಿಲ್ಲ, ಲೆಕ್ಕವನ್ನು ಬಗೆಹರಿಸುವ ಮಾರ್ಗಗಳನ್ನು ಕ್ರಮಬದ್ಧವಾಗಿ ನಿರೂಪಿಸಿದುದರಲ್ಲಿದೆ. ಅಲ್ಲದೆ, ಯಂತ್ರ ಬಂದರೆ ಕೌಶಲ ನಾಶವಾಗುತ್ತದೆಂಬ ಭೀತಿಗೆ ಸಂಶೋಧನೆಯ ಬೆಂಬಲ ಸಾಲದು. ಅಮೆರಿಕದಲ್ಲಿ ಹೆಂಬ್ರೀ ಮತ್ತು ಡೆಸಾರ್ಟ್ ಎಂಬ ವಿದ್ವಾಂಸರು 79 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಾಂಪ್ರದಾಯಿಕ ಬೋಧನೆಯ ಜೊತೆಯಲ್ಲಿ ಕ್ಯಾಲ್ಕುಲೇಟರ್ ಬಳಸಿದ ಮಕ್ಕಳ ಕೈಲೆಕ್ಕದ ಸಾಮರ್ಥ್ಯ ಕುಗ್ಗಲಿಲ್ಲ. ನಾಲ್ಕನೆಯ ತರಗತಿ ಮಾತ್ರ ಇದಕ್ಕೆ ಅಪವಾದವಾಗಿತ್ತು. ಎಲಿಂಗ್ಟನ್ ಅವರು 54 ಅಧ್ಯಯನಗಳನ್ನು ಆಧರಿಸಿ 2003ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇನ್ನೊಂದು ಮುಖ್ಯ ಅಂಶವನ್ನು ಎತ್ತಿ ತೋರಿಸಿತು. ಬೋಧನೆ ಮತ್ತು ಪರೀಕ್ಷೆ ಎರಡರಲ್ಲೂ ಕ್ಯಾಲ್ಕುಲೇಟರ್ ಸಮನಾಗಿ ಸೇರಿದಾಗ ಕಲಿಕೆಗೆ ಲಾಭವಾಗುತ್ತದೆ.

ಇವೆರಡನ್ನೂ ಒಟ್ಟಿಗೆ ಓದಿದರೆ ಸಿಗುವ ಪಾಠ ಸರಳ. ಎಳೆಯ ವಯಸ್ಸಿನಲ್ಲಿ ಅಂಕಿಗಳೊಡನೆ ಸಲುಗೆ ಬೆಳೆಯುವ ತನಕ ಯಂತ್ರ ದೂರವಿರಲಿ. ಆಮೇಲೆ ಬರುವುದಾದರೆ ಪಾಠದ ಭಾಗವಾಗಿಯೇ ಬರಲಿ. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಹಂತದ ಕೊನೆಯ ರಾಷ್ಟ್ರೀಯ ಪರೀಕ್ಷೆಗಳಿಂದ 2014ರಲ್ಲಿ ಕ್ಯಾಲ್ಕುಲೇಟರನ್ನು ಹಿಂತೆಗೆದುಕೊಂಡರು. ಅಲ್ಲಿಯ ಜಿಸಿಎಸ್ಇ ಗಣಿತದ ಮೂರು ಪತ್ರಿಕೆಗಳಲ್ಲಿ ಒಂದನ್ನು ಯಂತ್ರವಿಲ್ಲದೆ, ಎರಡನ್ನು ಯಂತ್ರದೊಂದಿಗೆ ಬರೆಯಬೇಕು. ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿಯೂ ಕೆಲವು ಭಾಗಗಳಿಗೆ ಯಂತ್ರವುಂಟು, ಕೆಲವಕ್ಕೆ ಇಲ್ಲ. ಎರಡೂ ಬಗೆಯ ಸಾಮರ್ಥ್ಯವನ್ನು ಬೇರೆ ಬೇರೆಯಾಗಿ ಅಳೆಯುವ ಈ ಪದ್ಧತಿ ನಮಗೂ ಒಗ್ಗುವಂಥದು.

ಸ್ವಂತದ ಪ್ರಶ್ನೆ

ಇನ್ನು ಸ್ವಂತ ಯಂತ್ರದ ವಿಷಯ. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಕ್ಯಾಲ್ಕುಲೇಟರ್ ಬಹುಕಾಲ ಬಾಳುವ, ಅಲ್ಪ ಹೊತ್ತು ಮಾತ್ರ ಬಳಕೆಯಾಗುವ ವಸ್ತು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಅರ್ಧ ಗಂಟೆಯೂ ಬಳಸಲಿಕ್ಕಿಲ್ಲ. ಇಂತಹ ವಸ್ತುವನ್ನು ನಾಲ್ವರು ಹಂಚಿಕೊಂಡರೂ ವರ್ಷವಿಡೀ ಯಾರಿಗೂ ತೊಂದರೆಯಾಗದು. ಆದರೆ ಪರೀಕ್ಷೆಯ ದಿನ ಆ ನಾಲ್ವರಿಗೂ ಅದು ಒಂದೇ ಮೂರು ಗಂಟೆಗಳಲ್ಲಿ ಬೇಕು. ವಿದ್ಯುತ್ ಮಂಡಳಿಗಳು ಸಂಜೆಯ ಗರಿಷ್ಠ ಬೇಡಿಕೆಗಾಗಿ ಇಡೀ ವ್ಯವಸ್ಥೆಯನ್ನು ಹಿಗ್ಗಿಸಬೇಕಾದಂತೆ, ಇಲ್ಲಿಯೂ ಆ ಮೂರು ಗಂಟೆಗಳ ಸಲುವಾಗಿ ಪ್ರತಿಯೊಬ್ಬರೂ ಒಂದೊಂದನ್ನು ಕೊಳ್ಳಬೇಕಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಎರವಲು ನಿಷಿದ್ಧ. ಕೇಂದ್ರ ಲೋಕಸೇವಾ ಆಯೋಗವೂ ವಿವರಣಾತ್ಮಕ ಪತ್ರಿಕೆಗಳಿಗೆ ಪ್ರೋಗ್ರಾಂ ಮಾಡಲಾಗದ ಕ್ಯಾಲ್ಕುಲೇಟರನ್ನು ಒಪ್ಪುತ್ತದೆಯಾದರೂ ಕೊಠಡಿಯೊಳಗೆ ಅದನ್ನು ಒಬ್ಬರಿಂದೊಬ್ಬರು ಪಡೆಯುವುದನ್ನು ಒಪ್ಪುವುದಿಲ್ಲ. ನಿಯಮ ನ್ಯಾಯವಾದುದೇ. ಅದರ ಪರಿಣಾಮವಾಗಿ, ಸ್ವಂತ ಯಂತ್ರ ಬೇಕೆಂಬ ಒತ್ತಾಯ ಹುಟ್ಟುವುದು ಗಣಿತದಿಂದಲ್ಲ, ಪರೀಕ್ಷಾ ವ್ಯವಸ್ಥೆಯಿಂದ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಇಂಥ ಯಂತ್ರ ಬೇಕು ಎಂದು ನಿರ್ಧರಿಸುವವರು ಒಬ್ಬರು, ಹಣ ತೆರುವವರು ಇನ್ನೊಬ್ಬರು. ಪಠ್ಯಪುಸ್ತಕ, ಔಷಧಿಗಳ ಮಾರುಕಟ್ಟೆಯಲ್ಲಿ ಇರುವ ದೋಷವೇ ಇಲ್ಲಿಯೂ ಇದೆ. ನಿರ್ಧರಿಸುವವನಿಗೆ ಬೆಲೆಯ ಬಿಸಿ ತಟ್ಟುವುದಿಲ್ಲ. ಅಮೆರಿಕದ ಶಾಲೆಗಳಲ್ಲಿ 2004ರಲ್ಲಿ ಬಂದ ಟಿಐ-84 ಎಂಬ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್, ಅಷ್ಟರಲ್ಲಿ ಎಲ್ಲ ಬಗೆಯ ಎಲೆಕ್ಟ್ರಾನಿಕ್ ವಸ್ತುಗಳ ಬೆಲೆ ನೆಲ ಕಚ್ಚಿದರೂ ಎರಡು ದಶಕ ನೂರು ಡಾಲರಿನ ಆಸುಪಾಸಿನಲ್ಲಿಯೇ ಉಳಿಯಲು ಕಾರಣ ಇದೇ. ಶಿಕ್ಷಕರು ಅದನ್ನೇ ಕಲಿಸುತ್ತಿದ್ದರು, ಪುಸ್ತಕಗಳಲ್ಲಿ ಅದರದೇ ಗುಂಡಿಗಳ ಚಿತ್ರವಿರುತ್ತಿತ್ತು. ಆ ಕೋಟೆಯಲ್ಲಿ ಬಿರುಕು ಮೂಡಿದ್ದು ಇತ್ತೀಚೆಗೆ. ಎಸ್ಎಟಿ ಪರೀಕ್ಷೆ ಗಣಕಯಂತ್ರಕ್ಕೆ ಬದಲಾದಾಗ, 2023ರಲ್ಲಿ ಹೊರದೇಶಗಳಲ್ಲಿ, 2024ರಲ್ಲಿ ಅಮೆರಿಕದಲ್ಲಿ, ಪರದೆಯ ಮೇಲೆಯೇ ಡೆಸ್ಮೋಸ್ ಕ್ಯಾಲ್ಕುಲೇಟರನ್ನು ಎಲ್ಲರಿಗೂ ಉಚಿತವಾಗಿ ಒದಗಿಸಲಾಯಿತು. ನಮ್ಮ ದೇಶದ ಗೇಟ್ ಪರೀಕ್ಷೆಯಲ್ಲಿಯೂ ಅಭ್ಯರ್ಥಿ ಯಂತ್ರವನ್ನು ಒಯ್ಯುವಂತಿಲ್ಲ. ಪರದೆಯ ಮೇಲೆಯೇ ಒಂದು ಕ್ಯಾಲ್ಕುಲೇಟರ್ ಇರುತ್ತದೆ. ಎಲ್ಲರಿಗೂ ಒಂದೇ ಸಾಧನ, ಯಾರಿಗೂ ಖರ್ಚಿಲ್ಲ. ಸಮಾನತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಮೊಬೈಲು ಇರುವಾಗ?

ಪ್ರತಿಯೊಬ್ಬರ ಜೇಬಿನಲ್ಲಿ ಮೊಬೈಲ್ ಇರುವಾಗ ಪ್ರತ್ಯೇಕ ಯಂತ್ರವೇಕೆ ಎಂಬ ಆಕ್ಷೇಪಣೆ ಸಹಜ. ಕಲಿಕೆಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಜಿಯೋಜೀಬ್ರಾದಂತಹ ಉಚಿತ ತಂತ್ರಾಂಶವು ವಕ್ರರೇಖೆಯನ್ನು ಕಣ್ಣೆದುರೇ ಬಿಡಿಸಿ, ಸಮೀಕರಣದಲ್ಲಿ ಒಂದು ಅಂಕಿ ಬದಲಾದರೆ ರೇಖೆ ಹೇಗೆ ಬಳುಕುತ್ತದೆ ಎಂಬುದನ್ನು ತೋರಿಸುತ್ತದೆ. ನಮ್ಮ ಕಾಲದಲ್ಲಿ ಗ್ರಾಫ್ ಹಾಳೆಯ ಮೇಲೆ ಒಂದು ಗಂಟೆ ಚುಕ್ಕೆ ಇಟ್ಟರೂ ದಕ್ಕದ ಒಳನೋಟ ಇದು. ದುಬಾರಿ ಗ್ರಾಫಿಂಗ್ ಕ್ಯಾಲ್ಕುಲೇಟರಿನ ಅಗತ್ಯ ಭಾರತದ ವಿದ್ಯಾರ್ಥಿಗೆ ಇಲ್ಲವೇ ಇಲ್ಲ.

ಆದರೆ ಮೊಬೈಲು ಕೇವಲ ಲೆಕ್ಕದ ಯಂತ್ರವಾಗಿ ಉಳಿದಿಲ್ಲ. ಇಂದು ಲೆಕ್ಕದ ಚಿತ್ರ ತೆಗೆದರೆ ಸಾಕು, ಹಂತಹಂತವಾಗಿ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳಿವೆ. ಕ್ಯಾಲ್ಕುಲೇಟರ್ ಗುಣಾಕಾರವನ್ನು ಮಾಡುತ್ತದೆ. ಯಾವುದನ್ನು ಯಾವುದರಿಂದ ಗುಣಿಸಬೇಕೆಂಬ ನಿರ್ಧಾರವನ್ನು ವಿದ್ಯಾರ್ಥಿಗೇ ಬಿಡುತ್ತದೆ. ಹೊಸ ಸೇವೆಗಳು ಆ ನಿರ್ಧಾರವನ್ನೂ ಕಸಿದುಕೊಳ್ಳುತ್ತವೆ. ಹೀಗಾಗಿ ಒಂದು ಕಾಲಕ್ಕೆ ಆಲಸ್ಯದ ಸಂಕೇತವೆಂದು ಅಧ್ಯಾಪಕರು ಶಪಿಸುತ್ತಿದ್ದ ಈ ಪುಟ್ಟ ಯಂತ್ರ ಇಂದು ಶಿಸ್ತಿನ ಸಾಧನವಾಗಿ ಕಾಣತೊಡಗಿದೆ. ಅದಕ್ಕೆ ಅಂತರ್ಜಾಲದ ಸಂಪರ್ಕವಿಲ್ಲ, ಸಂದೇಶಗಳ ಸದ್ದಿಲ್ಲ, ಕೇಳಿದ್ದಕ್ಕಿಂತ ಹೆಚ್ಚು ಮಾತನಾಡುವುದಿಲ್ಲ. ಪರೀಕ್ಷಾ ಕೊಠಡಿ ಅದನ್ನು ಒಪ್ಪುವುದೂ ಮೊಬೈಲನ್ನು ಹೊರಗಿಡುವುದೂ ಈ ಕಾರಣಕ್ಕಾಗಿಯೇ.

ಮಾಡಬಹುದಾದುದೇನು?

ಸಮಸ್ಯೆ ದೊಡ್ಡದಲ್ಲ, ಪರಿಹಾರಕ್ಕೆ ದೊಡ್ಡ ಅನುದಾನವೂ ಬೇಕಿಲ್ಲ. ಮೊದಲನೆಯದಾಗಿ, ಪ್ರತಿ ವಿಶ್ವವಿದ್ಯಾಲಯವೂ ಪಠ್ಯಕ್ರಮದ ಪುಟದಲ್ಲಿಯೇ ಪ್ರತಿ ಗಣಿತ ಕೋರ್ಸಿನ ಎದುರು ಮೂರರಲ್ಲಿ ಒಂದನ್ನು ನಮೂದಿಸಲಿ: ಕ್ಯಾಲ್ಕುಲೇಟರ್ ಬೇಡ, ಸಾಧಾರಣ ಕ್ಯಾಲ್ಕುಲೇಟರ್ ಸಾಕು, ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕು. ಬೇಕಾದಲ್ಲಿ ಅದರ ಗುಣಲಕ್ಷಣಗಳನ್ನು ಹೇಳಲಿ, ಕಂಪನಿಯ ಹೆಸರನ್ನಲ್ಲ. ಅಂಗಡಿಗೆ ಹೋಗುವ ಮುನ್ನ ತಂದೆತಾಯಿಗಳಿಗೆ ಉತ್ತರ ತಿಳಿದಿರುತ್ತದೆ.

ಎರಡನೆಯದಾಗಿ, ಗ್ರಂಥಾಲಯವು ಪುಸ್ತಕದಂತೆಯೇ ಕ್ಯಾಲ್ಕುಲೇಟರನ್ನೂ ಎರವಲು ನೀಡಲಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗಾಗಿ ಪುಸ್ತಕ ಬ್ಯಾಂಕಿನ ಪರಿಕಲ್ಪನೆ ನಮ್ಮ ಕಾಲೇಜುಗಳಿಗೆ ಹೊಸದಲ್ಲ. ಅದಕ್ಕೆ ಈ ಯಂತ್ರವನ್ನು ಸೇರಿಸಿ, ಅಗತ್ಯವಿರುವ ಎಲ್ಲರಿಗೂ ವಿಸ್ತರಿಸಿದರಾಯಿತು. ಸೆಮಿಸ್ಟರಿನ ಆರಂಭದಲ್ಲಿ ಕೊಟ್ಟು ಪರೀಕ್ಷೆ ಮುಗಿದೊಡನೆ ಹಿಂಪಡೆದರೆ ಪರೀಕ್ಷಾ ದಿನದ ಬೇಡಿಕೆಯೂ ತೀರುತ್ತದೆ. ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಒಂದು ಟ್ಯಾಬ್ಲೆಟ್ಟಿನ ಬೆಲೆಯಲ್ಲಿ ಹಲವಾರು ಕ್ಯಾಲ್ಕುಲೇಟರುಗಳು ಬರುತ್ತವೆ, ಅವು ಹಲವು ತಂಡಗಳ ಕೈದಾಟಿ ವರ್ಷಾನುಗಟ್ಟಲೆ ಬಾಳುತ್ತವೆ. ಕೋರ್ಸು ಮುಗಿಸಿದ ವಿದ್ಯಾರ್ಥಿಗಳು ತಮ್ಮ ಯಂತ್ರವನ್ನು ಗ್ರಂಥಾಲಯಕ್ಕೆ ಬಿಟ್ಟು ಹೋಗುವ ರೂಢಿ ಬೆಳೆದರೆ ಖರ್ಚು ಇನ್ನೂ ಇಳಿಯುತ್ತದೆ.

ಮೂರನೆಯದಾಗಿ, ಮೊದಲ ಸೆಮಿಸ್ಟರಿನಲ್ಲಿ ಎರಡು ಗಂಟೆಗಳನ್ನು ಈ ಯಂತ್ರದ ಬಳಕೆಗೂ ಅದಕ್ಕಿಂತ ಮುಖ್ಯವಾಗಿ ಅಂದಾಜಿನ ಲೆಕ್ಕಕ್ಕೂ ಮೀಸಲಿಡಬೇಕು. ಉತ್ತರ ಎಷ್ಟರಿಂದ ಎಷ್ಟರೊಳಗೆ ಇರಬೇಕೆಂದು ಮೊದಲು ಬರೆ, ಆಮೇಲೆ ಗುಂಡಿ ಒತ್ತು ಎಂಬ ಒಂದೇ ಅಭ್ಯಾಸ ಅನೇಕ ಅನಾಹುತಗಳನ್ನು ತಪ್ಪಿಸುತ್ತದೆ. ನಾಲ್ಕನೆಯದಾಗಿ, ಪ್ರಶ್ನೆಪತ್ರಿಕೆಯ ಸ್ವರೂಪ ಬದಲಾಗಬೇಕು. ಗುಂಡಿ ಒತ್ತಿದರೆ ಸಿಗುವ ಉತ್ತರಕ್ಕೆ ಅಂಕ ಕಡಿಮೆಯಿರಲಿ. ಈ ವಿಧಾನವನ್ನೇ ಏಕೆ ಆರಿಸಿದೆ, ಈ ಉತ್ತರ ನಂಬಲರ್ಹವೇ ಎಂದು ಕೇಳುವ ಪ್ರಶ್ನೆಗೆ ಹೆಚ್ಚಿರಲಿ. ಅಂಕಿಗಳನ್ನು ಗ್ರಹಿಸುವಲ್ಲಿಯೇ ತೊಡಕಿರುವ, ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ಮಾತ್ರ ಯಾವ ಕೋರ್ಸಿನಲ್ಲಾದರೂ ಯಂತ್ರದ ನೆರವು ಸಿಗಬೇಕು. ಕನ್ನಡಕ ಹಾಕಿಕೊಂಡವನಿಗೆ ಅದನ್ನು ತೆಗೆದು ಓದು ಎನ್ನುವುದಿಲ್ಲವಷ್ಟೆ.

ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಕ್ಯಾಲ್ಕುಲೇಟರ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಕೆಲವರಿಗೆ ಬೇಕು, ಹಲವರಿಗೆ ಬೇಡ, ಬೇಕಾದವರಿಗೂ ಅದು ಸ್ವಂತದ್ದೇ ಆಗಿರಬೇಕೆಂದಿಲ್ಲ. ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ. ಇಷ್ಟು ಸಣ್ಣ ಖರ್ಚನ್ನು ಪೂರೈಸಲಾಗದೆ ಒಂದು ಹೆಣ್ಣುಮಗು ಸಂಖ್ಯಾಶಾಸ್ತ್ರವನ್ನು ಬಿಟ್ಟು ಬೇರೆ ವಿಷಯ ಆರಿಸಿಕೊಳ್ಳುವಂತಾದರೆ ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ.